ನನಗೆ ಬೆನ್ನು ಮಾಡಿ ಕುಳಿತ ಗುರುಗಳು

ಹೊಲಿಗೆ ಕಲಿಸುವವರು ಊರಿಗೆ ಹತ್ತು ಮಂದಿ ಸಿಗಬಹುದು. ಆದರೆ ಬಟ್ಟೆಗೆ ಕತ್ತರಿಯಿಡುವ ಮುನ್ನ ಅದನ್ನು ತೊಡುವವರನ್ನು ಕಣ್ತುಂಬ ನೋಡಬೇಕೆಂದು ಕಲಿಸಿದವರು, ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದು ಸೊಟ್ಟ ಹೊಲಿಗೆಯನ್ನೂ ಕ್ಷಮಿಸದೆ, ಒಬ್ಬ ಶಿಷ್ಯೆಯನ್ನೂ ಕೈಬಿಡದೆ ಇಂದು ನಿವೃತ್ತರಾಗುತ್ತಿರುವವರು, ನಮ್ಮ ತರಬೇತಿ ಶಾಲೆಯ ಮುಖ್ಯ ಬೋಧಕಿ. ಕಾಲಿಂಚು ತಪ್ಪಿದರೂ ಇಡೀ ತೋಳನ್ನು ಬಿಚ್ಚಿಸುತ್ತಿದ್ದುದರಿಂದ ನಮಗೆಲ್ಲ ಅವರು 'ಇಂಚು ಮೇಡಂ'. ಅವರ ಕೌಶಲವನ್ನು ಕುರಿತು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ನಾನು ಹೇಳಬೇಕಾದದ್ದು ಬೇರೆ.

ಹದಿನೇಳು ವರ್ಷಗಳ ಹಿಂದೆ ಅಣ್ಣನೊಡನೆ ಈ ಶಾಲೆಯ ಮೆಟ್ಟಿಲು ಹತ್ತಿದಾಗ, ನಾನು ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿ ನಾಲ್ಕು ತಿಂಗಳಾಗಿತ್ತು. ಅಲ್ಲಿದ್ದ ಎರಡು ವರ್ಷಗಳಲ್ಲಾಗಲಿ ಅದಕ್ಕೂ ಮೊದಲಾಗಲಿ ಯಾರ ಮೇಲೂ ಕೈಯೆತ್ತಿದವಳಲ್ಲ. ಆದರೂ ಅತ್ತಿಗೆ ತರಕಾರಿ ಹೆಚ್ಚುವ ಚಾಕುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೆಟ್ಟವರಲ್ಲ, ಹೆದರಿದ್ದರು. ಅರ್ಜಿ ನೋಡಿದ ಮೇಡಂ, ನಡುವೆ ಎರಡು ವರ್ಷ ಎಲ್ಲಿದ್ದೆ ಎಂದು ಕೇಳಿದರು. ಅಣ್ಣ "ನೆಂಟರ ಮನೇಲಿ..." ಎಂದು ತಡವರಿಸಿದ. ನನಗೆ ಸುಳ್ಳು ಸಾಕಾಗಿತ್ತು, ಇದ್ದದ್ದನ್ನು ಹೇಳಿಬಿಟ್ಟೆ.

ಮೇಡಂ ನನ್ನ ಪೆನ್ನು ಹಿಡಿದ ಕೈ ನೋಡಿದರು. "ಎಡಗೈಯವಳಾ ನೀನು? ಹಾಗಾದ್ರೆ ಈ ಕತ್ತರಿ ಆಗಲ್ಲ, ಬೇರೆ ತರಿಸ್ಬೇಕು."

ಅಷ್ಟೇ. ವಾರದೊಳಗೆ ಎಡಗೈಯವರ ದೊಡ್ಡ ಕತ್ತರಿ ಬಂತು.

ಸುದ್ದಿ ಹಬ್ಬಲು ತಿಂಗಳು ಬೇಕಾಗಲಿಲ್ಲ. ನನ್ನ ಅಕ್ಕಪಕ್ಕದ ಯಂತ್ರಗಳು ಖಾಲಿಯಾದವು. ಇಬ್ಬರು ಹುಡುಗಿಯರ ತಾಯಂದಿರು ಬಂದು ಶಾಲೆಯ ಕಾರ್ಯದರ್ಶಿಗಳ ಮುಂದೆ ಕುಳಿತರು. ಕಾರ್ಯದರ್ಶಿಗಳು ನಮ್ಮ ಕೊಠಡಿಗೇ ಬಂದು, ನಾನು ಕೇಳಿಸಿಕೊಳ್ಳುತ್ತಿದ್ದೇನೆಂಬುದನ್ನೂ ಲೆಕ್ಕಿಸದೆ, "ಆ ಹುಡುಗಿಗೆ ಕತ್ತರಿ ಕೊಡ್ಬೇಡಿ. ಗುಂಡಿ ಹಾಕಿಕೊಂಡಿರ್ಲಿ" ಎಂದರು.

"ಗುಂಡಿ ಹಾಕೋಕೂ ಸೂಜಿ ಬೇಕಲ್ಲ ಸಾರ್. ಅದು ಕೊಡಬಹುದಾ, ಇಲ್ಲ ಅದಕ್ಕೂ ನಿಮ್ಮ ಸಹಿ ಬೇಕಾ?" ಎಂದರು ಮೇಡಂ.

ಕಾರ್ಯದರ್ಶಿಗಳು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಮೇಡಂ ತರಗತಿಗೆ ಉಪದೇಶ ಮಾಡಲಿಲ್ಲ. ತಮ್ಮ ಮೇಜನ್ನು ಎಳೆದು ತಂದು ನನ್ನ ಮೇಜಿನ ಮುಂದೆ ಹಾಕಿಕೊಂಡರು. ನನಗೆ ಬೆನ್ನು ಮಾಡಿ ಕುಳಿತರು. ನಾನು ಹಿಂದೆ ಕತ್ತರಿ ಆಡಿಸುತ್ತಿದ್ದರೆ ಅವರು ಒಮ್ಮೆಯೂ ತಿರುಗದೆ ತಮ್ಮ ಕೆಲಸದಲ್ಲಿ ಮುಳುಗಿರುತ್ತಿದ್ದರು. ಎಲ್ಲರೂ ನನ್ನ ಮೇಲೊಂದು ಕಣ್ಣಿಡುತ್ತಿದ್ದ ಆ ದಿನಗಳಲ್ಲಿ, ನನ್ನನ್ನು ನೋಡದೆ ಕುಳಿತಿದ್ದ ಆ ಬೆನ್ನು ನನಗಿತ್ತ ಧೈರ್ಯವನ್ನು ಯಾವ ಔಷಧಿಯೂ ಕೊಟ್ಟಿರಲಿಲ್ಲ. ಮೂರನೆಯ ವಾರಕ್ಕೆ ಒಬ್ಬಳು ಪಕ್ಕದ ಯಂತ್ರಕ್ಕೆ ಮರಳಿದಳು, ದಾರ ಕೇಳುವ ನೆಪದಲ್ಲಿ.

ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಐದನೆಯ ತಿಂಗಳಲ್ಲಿ ಮತ್ತೆ ಮಂಕು ಕವಿಯಿತು. ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಹತ್ತನೆಯ ದಿನ ಮೇಡಂ ಮನೆಗೇ ಬಂದರು. ಅತ್ತಿಗೆ ಅವರನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು: "ನಿಮಗೆ ಭಯ ಆಗಲ್ವಾ ಮೇಡಂ?"

"ಆಗುತ್ತಮ್ಮ. ಇವಳು ಇಡೋ ಕಾಲರ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಅದನ್ನ ಸರಿಮಾಡೋಣ ಅಂತ ಬಂದೆ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಾನು ಆ ನಗುವನ್ನು ಕೇಳಿ ಬಹಳ ಕಾಲವಾಗಿತ್ತು. ಮೇಡಂ ಕೆಲಸವನ್ನೇನೂ ಹೇರಲಿಲ್ಲ. ಅಂದು, ಮತ್ತೆ ಮರುವಾರ, ಮಂಚದ ಪಕ್ಕದಲ್ಲಿ ಕುಳಿತು ಯಾರದೋ ಅಂಗಿಗೆ ಕಾಜಾ ಹಾಕಿ ಹೋದರು. ನಾನು ಎದ್ದು ಕೂರುವಂತಾದ ದಿನ ಅತ್ತಿಗೆಯನ್ನು ಕರೆದರು: "ಇಲ್ಲಿ ಬಾಮ್ಮ, ಇವಳಿಗೆ ಅಳತೆ ತಗೊಳ್ಳೋಕೆ ಒಬ್ಬರು ಬೇಕು."

ಅತ್ತಿಗೆ ಹಿಂಜರಿದರು. ಆಮೇಲೆ ಬಂದು ನಿಂತರು. ಟೇಪನ್ನು ಕತ್ತಿನ ಸುತ್ತ ತಂದಾಗ ಅವರ ಉಸಿರು ನಿಂತದ್ದು ನನಗೆ ಗೊತ್ತಾಯಿತು. "ಹದಿಮೂರೂವರೆ" ಎಂದೆ. ಅವರು ಮೆಲ್ಲಗೆ ಉಸಿರು ಬಿಟ್ಟು, "ಸ್ವಲ್ಪ ಸಡಿಲ ಇರ್ಲಿ ಕಣೇ" ಎಂದರು. ಆ ಅಳತೆಗೆ ನಾನು ಹೊಲಿದ ಅಂಗಿಯ ಎಡತೋಳು ಗಿಡ್ಡವಾಗಿತ್ತು. ಅದನ್ನವರು ಹರಿಯುವವರೆಗೂ ತೊಟ್ಟರು.

ಇಂದು ಅದೇ ಶಾಲೆಯಲ್ಲಿ ನಾನೂ ಬೋಧಕಿ. ಮಂಕು ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ರಜೆ ಬರೆಯುತ್ತೇನೆ, ಕಾರಣವನ್ನೂ ಬರೆಯುತ್ತೇನೆ.

ವಿಶ್ರಾಂತಿಯೆಂಬ ಪದವನ್ನು ಅರಿಯದ ನಮ್ಮ ಮೇಡಂ, ಮುಂದಿನ ತಿಂಗಳಿನಿಂದ ವಾರಕ್ಕೆರಡು ದಿನ ನಾನಿದ್ದ ಆ ಆಸ್ಪತ್ರೆಗೇ ಹೋಗಿ, ಬಿಡುಗಡೆಗೆ ಕಾದಿರುವ ಹೆಂಗಸರಿಗೆ ಕಲಿಸಲಿದ್ದಾರೆ. ಅವರ ಕಣ್ಣು ಮಂಜಾಗದಿರಲಿ, ಮಂಡಿನೋವು ಮಾತು ಕೇಳಲಿ, ನೂರು ವರ್ಷ ನಮ್ಮನ್ನು ಹೀಗೇ ಗದರುತ್ತಿರಲಿ. ತಮ್ಮ ಬಳಿಗೆ ಯಾರು ಬರುತ್ತಿದ್ದಾರೆಂದು ಆ ಹೆಂಗಸರಿಗೆ ಇನ್ನೂ ತಿಳಿಯದು. ಅವರ ಅದೃಷ್ಟ ನೆನೆದರೆ ನನಗೆ, ನಿಜ ಹೇಳುತ್ತೇನೆ, ತುಸು ಹೊಟ್ಟೆಕಿಚ್ಚು.