ಇಪ್ಪತ್ತೆರಡಕ್ಕೆ ಓಗೊಟ್ಟವಳು

ಆ ಧಾರಾವಾಹಿ ಟಿ.ವಿ.ಯಲ್ಲಿ ಬಂದ ಮೇಲೆ ಉತ್ತರದ ಹಿಮನಾಡಿನ ನಮ್ಮೂರಿನ ನೆಮ್ಮದಿಗೆ ಎಳ್ಳುನೀರು ಬಿಟ್ಟ ಹಾಗಾಯಿತು. ಹಿಮದ ಕಾಡಿನಲ್ಲಿ ಸಿಕ್ಕಿಕೊಂಡ ಹುಡುಗಿಯರ ಆಟದ ತಂಡವಂತೆ, ಹಸಿವು ತಾಳದೆ ಒಬ್ಬಳನ್ನೊಬ್ಬಳು ತಿಂದರಂತೆ, ಉಳಿದವರು ದೊಡ್ಡವರಾಗಿ ಒಬ್ಬರ ಮೇಲೊಬ್ಬರು ಕತ್ತಿ ಮಸೆದರಂತೆ. ಬರೆದವನ ಕೈ ಸೇದಿಹೋಗಲಿ. ಅವನು ನಮ್ಮೂರಿನ ಹೆಸರೆತ್ತಿರಲಿಲ್ಲ, ನಿಜ. ಆದರೆ ತೊಂಬತ್ತೈದರ ಫೆಬ್ರವರಿಯಲ್ಲಿ ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ಹುಡುಗಿಯರು ನಾಲ್ಕು ದಿನ ಕಾಡಿನಲ್ಲಿ ಸಿಕ್ಕಿಕೊಂಡದ್ದನ್ನು ಯಾವುದೋ ಪತ್ರಿಕೆಯವರು ಕೆದಕಿ ತೆಗೆದರು. ಅಷ್ಟು ಸಾಕಾಯಿತು. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವರು ಶಾಲೆಯ ಅಡುಗೆಮನೆಯ ಕಿಟಕಿಗೇ ಬಂದು, ಆ ತಂಡದಲ್ಲಿದ್ದ ಡೊರೀನ್ ಪೆಲ್ಟಿಯೆಯನ್ನು ಕೇಳುತ್ತಿದ್ದರು, ನಿಜಕ್ಕೂ ಏನು ತಿಂದಿರಿ ಎಂದು. ಅವಳು ತಲೆ ಎತ್ತದೆ ಆಲೂಗಡ್ಡೆ ಎನ್ನುತ್ತಿದ್ದಳು.

ಅದು ನಿಜವೇ. ಅವರು ಹೋಗಿದ್ದ ವ್ಯಾನಿನ ಹಿಂಬದಿಯಲ್ಲಿ ಕೋಚ್ ತನ್ನ ತಮ್ಮನಿಗೆಂದು ಇಟ್ಟಿದ್ದ ಒಂದು ಮೂಟೆ ಆಲೂಗಡ್ಡೆ ಇತ್ತು. ಅದನ್ನು ಹಸಿಯಾಗಿಯೇ ಕಡಿದು ತಿಂದರು. ಆಮೇಲೆ ಇಪ್ಪತ್ತು ವರ್ಷ ಅದೇ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಡೊರೀನ್ ನನ್ನ ಪಕ್ಕದಲ್ಲಿ ನಿಂತಳು. ಈ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು ನಾನು. ಯಾವ ಮಗುವಿಗೆ ಹಾಲು ಆಗುವುದಿಲ್ಲ, ಯಾವುದು ಮನೆಯಲ್ಲಿ ಉಪವಾಸ ಮಲಗಿ ಬಂದಿದೆ ಎಂದು ಮುಖ ನೋಡಿ ಹೇಳಬಲ್ಲೆ. ಪಕ್ಕದಲ್ಲೇ ನಿಂತವಳ ಗಂಟಲಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಮಾತ್ರ ನನಗೆ ತಿಳಿಯಲಿಲ್ಲ.

ಅದು ಹೀಗೆ. ಬೇರೆ ಊರಿನಲ್ಲಿ ಆಟ ಮುಗಿಸಿ ಹೊರಡುವಾಗ ಕೋಚ್ ಲಿಯೊ ಉವೆಲೆಟ್ ತಲೆ ಎಣಿಸುತ್ತಿರಲಿಲ್ಲ. ಹುಡುಗಿಯರು ತಮ್ಮ ತಮ್ಮ ಅಂಗಿಯ ನಂಬರನ್ನು ಒಬ್ಬರಾದ ಮೇಲೊಬ್ಬರು ಕೂಗಬೇಕು, ಅವನು ಕೇಳಿಸಿಕೊಂಡು ಗಾಡಿ ಬಿಡಬೇಕು. ಡೊರೀನ್ ನಂಬರು ಹದಿನಾಲ್ಕು. ಅವಳ ಜೀವದ ಗೆಳತಿ ಜೋಯೆಲ್ ಮಿಶೋ ಇಪ್ಪತ್ತೆರಡು, ಕೊನೆಯ ನಂಬರು. ಜೋಯೆಲ್ ಚೆಲುವೆ, ಎಲ್ಲಿ ಹೋದರೂ ಯಾವನೋ ಒಬ್ಬನ ಜೊತೆ ಗೋಡೆ ಮರೆಯಲ್ಲಿ ಹರಟುತ್ತ ತಡ ಮಾಡುವವಳು. ಕೋಚ್ ಬೈಯಬಾರದೆಂದು ಡೊರೀನ್ ಹಿಂದಿನ ಸೀಟಿನಿಂದ ಜೋಯೆಲ್ ದನಿಯಲ್ಲೇ "ಇಪ್ಪತ್ತೆರಡು" ಎಂದು ಕೂಗುತ್ತಿದ್ದಳು. ತುಸು ಮೂಗಿನಲ್ಲಿ, ಕೊನೆಗೆ ಎಳೆದು, ಹೆತ್ತ ತಾಯಿಯೂ ಮೋಸ ಹೋಗಬೇಕು ಹಾಗೆ. ಗಾಡಿ ಹೊರಡುವಷ್ಟರಲ್ಲಿ ಜೋಯೆಲ್ ಓಡಿಬಂದು ಕತ್ತಲಲ್ಲಿ ಹಿಂಬಾಗಿಲಿನಿಂದ ನುಸುಳಿ ಹತ್ತಿಕೊಳ್ಳುತ್ತಿದ್ದಳು, ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಉಳಿದವರಿಗೆ ಗುಟ್ಟು ಗೊತ್ತಿರಲಿಲ್ಲ. ಎರಡು ವರ್ಷ ಈ ಆಟ ನಡೆಯಿತು.

ಆ ಫೆಬ್ರವರಿಯಲ್ಲಿ ಹೆದ್ದಾರಿ ಮುಚ್ಚಿತ್ತು. ನಮ್ಮ ಕಡೆಯ ಯಾರಾದರೂ ಮಾಡುವುದನ್ನೇ ಕೋಚ್ ಮಾಡಿದ, ಮರದ ಲಾರಿಗಳ ದಾರಿ ಹಿಡಿದ. ವ್ಯಾನು ಜಾರಿ ಹಳ್ಳಕ್ಕೆ ಬಿತ್ತು, ಅವನ ಕಾಲು ಮುರಿಯಿತು. ಮೂರು ದಿನ ಯಾರೂ ಬರಲಿಲ್ಲ. ಎರಡು ಮೈಲಿ ಆಚೆ ಬೇಟೆಗಾರರ ಗುಡಿಸಲೊಂದಿದೆ, ಅದಕ್ಕೆ ಬೀಗ ಹಾಕುವ ಪದ್ಧತಿಯಿಲ್ಲ, ಒಲೆಯ ಪಕ್ಕ ಸೌದೆ ಇದ್ದೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಕೋಚ್‌ನನ್ನು ತಾಡಪಾಲಿನ ಮೇಲೆ ಮಲಗಿಸಿ ಎಳೆದುಕೊಂಡು ಹೊರಡಲು ಅಣಿಯಾದರು. ಗಾಳಿ, ಹಿಮ, ಮುಂದಿನವಳ ಬೆನ್ನು ಕಾಣದಷ್ಟು. ಮುಖಕ್ಕೆ ಕಂಬಳಿ ಹೊದಿಸಿಕೊಂಡು ಅಂಗಾತ ಮಲಗಿದ್ದ ಕೋಚ್ ನಂಬರು ಕೂಗಿ ಎಂದ.

ಆಗ ಜೋಯೆಲ್ ಒದ್ದೆ ಕಾಲುಚೀಲ ಬದಲಿಸಿ ಬರುತ್ತೇನೆಂದು ವ್ಯಾನಿನೊಳಗೆ ಹೋಗಿದ್ದಳು. ಹೋಗುವಾಗ ಡೊರೀನ್ ಕಿವಿಯಲ್ಲಿ, ಎರಡೇ ನಿಮಿಷ, ನೀನೇ ಕೂಗಿಬಿಡು ಎಂದಿದ್ದಳು. ಡೊರೀನ್ ಕೂಗಿದಳು. ಹೊರಟರು.

ಗುಡಿಸಲು ಮುಟ್ಟಿ ಮತ್ತೆ ನಂಬರು ಕೂಗಿದಾಗ ಇಪ್ಪತ್ತೆರಡು ಬರಲಿಲ್ಲ. ನಾಲ್ವರು ಹಿಂದಕ್ಕೆ ಹೋದರು. ಹೆಜ್ಜೆಗುರುತೆಲ್ಲ ಮುಚ್ಚಿಹೋಗಿತ್ತು. ಅದೇ ಸಂಜೆ ಹಿಮಗಾಡಿಗಳಲ್ಲಿ ಹುಡುಕುವವರು ಬಂದು ಏಳು ಹುಡುಗಿಯರನ್ನೂ ಕೋಚ್‌ನನ್ನೂ ಊರಿಗೆ ತಂದರು. ಜೋಯೆಲ್ ಮರುದಿನ ಸಿಕ್ಕಳು. ದಾರಿ ಎಂದುಕೊಂಡು ತೊರೆಯ ಜಾಡು ಹಿಡಿದು ನಡೆದಿದ್ದಳು ಪಾಪ. ಕಾಲಲ್ಲಿ ಒಣ ಕಾಲುಚೀಲವೇ ಇತ್ತಂತೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಜೋಯೆಲ್‌ಳ ತಾಯಿ ಜನೀನ್ ಡೊರೀನ್‌ಳನ್ನು ಎದೆಗೊತ್ತಿಕೊಂಡು, "ನೀನಾದ್ರೂ ಬಂದ್ಯಲ್ಲ ಮಗಾ" ಎಂದಳು. ಆ ಗಳಿಗೆಯಲ್ಲಿ ಹೇಳಿದ್ದರೆ ಹೇಳಬಹುದಿತ್ತು. ಹೇಳಲಿಲ್ಲ. ಹದಿನೇಳು ವರ್ಷದ ಹುಡುಗಿ, ಏನು ಮಾಡಿಯಾಳು? ಆಮೇಲೆ ದಿನ ಕಳೆದಷ್ಟೂ ಬಾಯಿಗೆ ಬೀಗ ಬಿಗಿಯಾಯಿತು.

ಪಾಪವೆಲ್ಲ ಕೋಚ್ ತಲೆಗೆ ಬಂತು. ಎಣಿಸಿದ್ದೆ, ಇಪ್ಪತ್ತೆರಡು ಎಂದು ಓಗೊಟ್ಟದ್ದು ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಅವನು ಹೇಳಿದ. ಹುಡುಗಿಯರಲ್ಲಿ ಕೆಲವರು ಕೇಳಿತು ಎಂದರು, ಕೆಲವರು ಗಾಳಿಯಲ್ಲಿ ಏನೂ ಕೇಳಲಿಲ್ಲ ಎಂದರು. ಕೇಳಿತೆಂದವರು ಕೋಚ್ ಮೇಲಿನ ಮಮತೆಗೆ ಹೇಳುತ್ತಿದ್ದಾರೆ ಎಂದು ಊರು ತೀರ್ಮಾನಿಸಿತು. ಓಗೊಟ್ಟವಳು ಹಿಂದೆ ಹೇಗೆ ಉಳಿದಾಳು, ಸತ್ತ ನನ್ನ ಮಗಳನ್ನು ಸುಳ್ಳಿ ಮಾಡುತ್ತಾನೆ ಎಂದು ಜನೀನ್ ಚರ್ಚಿನ ಮೆಟ್ಟಿಲ ಮೇಲೆ ಅವನ ಮುಖಕ್ಕೆ ಉಗಿದಳು. ಶಾಲೆಯ ಕೆಲಸ ಹೋಯಿತು. ಆಲೂಗಡ್ಡೆಯ ಗೋದಾಮಿನಲ್ಲಿ ಮೂಟೆ ಎತ್ತುತ್ತ, ಕುಂಟುತ್ತ, ಇಪ್ಪತ್ತೇಳು ವರ್ಷ ಬದುಕಿದ. ಅಂಗಡಿಯಲ್ಲಿ ಎದುರಾದರೆ ನಾನೂ ಮುಖ ತಿರುಗಿಸಿ ಬೇರೆ ಸಾಲಿಗೆ ಹೋಗುತ್ತಿದ್ದೆ. ಅದನ್ನು ಇಲ್ಲಿ ಹೇಳದಿದ್ದರೆ ನನಗೆ ಅನ್ನ ದಕ್ಕಲಾರದು.

ಒಮ್ಮೆ ಅವನು ಡೊರೀನ್‌ಳನ್ನೇ ನಿಲ್ಲಿಸಿ ಕೇಳಿದನಂತೆ. "ನೀನೂ ಕೇಳಿಸ್ಕೊಂಡೆ ಅಲ್ವಾ? ನನಗೇ ಈಗ ಅನುಮಾನ ಬರ್ತಿದೆ." ಗಾಳಿ ಜೋರಾಗಿತ್ತು, ನೆನಪಿಲ್ಲ ಎಂದಳಂತೆ ಇವಳು.

ಡೊರೀನ್ ಮದುವೆಯಾಗಲಿಲ್ಲ. ಊರು ಬಿಡಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಜನೀನ್ ಮನೆಗೆ ಹೋಗುವುದು, ಅವಳನ್ನು ಸ್ವಂತ ಅತ್ತೆಯ ಹಾಗೆ ನಮ್ಮ ಫ್ರೆಂಚಿನಲ್ಲಿ ತಾಂತ್ ಎಂದು ಕರೆಯುವುದು, ಇಬ್ಬರೂ ಒಲೆಯ ಮುಂದೆ ನಿಂತು ಒಂದೇ ಮಗ್ಗುಲು ಬೇಯುವ ನಮ್ಮ ಪ್ಲಾಯ್ ದೋಸೆ ಹೊಯ್ದುಕೊಂಡು ಬೆಣ್ಣೆ ಸವರಿ ತಿನ್ನುವುದು. ಗಂಡ ಸತ್ತ ಮೇಲೆ ಜನೀನ್‌ಗೆ ಇವಳೇ ಮಗಳು. ನಾವೆಲ್ಲ ಡೊರೀನ್‌ಳನ್ನು ದೇವತೆ ಎನ್ನುತ್ತಿದ್ದೆವು. ಆ ಮಾತು ಕೇಳಿದಾಗಲೆಲ್ಲ ಅವಳು ಉಗ್ರಾಣಕ್ಕೆ ಏನೋ ತರಲು ಹೋಗುತ್ತಿದ್ದಳು.

ಧಾರಾವಾಹಿಯ ಆರನೆಯ ಕಂತಿನಲ್ಲಿ ಕೋಚ್ ಬೇಕೆಂದೇ ಒಬ್ಬಳನ್ನು ಹಿಮದಲ್ಲಿ ಬಿಟ್ಟುಹೋಗುತ್ತಾನೆ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂದು ಜನೀನ್ ಊರೆಲ್ಲ ಹೇಳಿಕೊಂಡು ಬಂದಳು. ಲಿಯೊ ಮನೆಯ ಬಾಗಿಲಿಗೆ ಯಾರೋ ಕೆಂಪು ಬಣ್ಣದಲ್ಲಿ 22 ಎಂದು ಬರೆದರು. ಮೂರು ವಾರದೊಳಗೆ ಅವನ ಎದೆ ನಿಂತಿತು. ಸಾವಿನ ಊಟ ನಮ್ಮಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ, ಅಡುಗೆ ನಾವೇ ಮಾಡಬೇಕು. ಹಿಂದಿನ ದಿನ ಆಲೂಗಡ್ಡೆ ಸುಲಿಯುತ್ತಿದ್ದ ಡೊರೀನ್ ಚಾಕು ಕೆಳಗಿಟ್ಟು, ಕೋಚ್ ಸರಿಯಾಗಿಯೇ ಎಣಿಸಿದ್ದ, ಲೊರೇನ್, ಎಂದು ನನ್ನ ಹೆಸರು ಹಿಡಿದು ಎಲ್ಲವನ್ನೂ ಹೇಳಿದಳು. ನನಗೆ ಕೆನ್ನೆಗೆ ಬಾರಿಸಬೇಕು ಅನಿಸಿತು. ತಬ್ಬಿಕೊಂಡು ಅಳಬೇಕು ಎಂದೂ ಅನಿಸಿತು. ಎರಡನ್ನೂ ಮಾಡದೆ ಕಾರಿನ ಕೀಲಿ ತೆಗೆದುಕೊಂಡೆ. ಜನೀನ್‌ಗೆ ಹೇಳಿದರೆ ಇವಳಿಗೆ ಇರುವ ಒಂದೇ ಮನೆಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಲಿಯೊ ಆ ಕಳಂಕ ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾನೆ.

ಅಂದು ಶನಿವಾರವೇ. ಜನೀನ್ ಕಾವಲಿಯ ಮುಂದೆ ನಿಂತಿದ್ದಳು. ನಮ್ಮನ್ನು ಕಂಡು, "ಸತ್ತನಂತಲ್ಲ? ಹೋಗ್ಲಿ, ಮೇಲೆ ಕೂತು ಎಣಿಸ್ಲಿ" ಎಂದಳು. ನಾಳೆ ತಾನು ಚರ್ಚಿಗೆ ಬರುವುದಿಲ್ಲ ಎಂದೂ ಹೇಳಿದಳು.

ಡೊರೀನ್ ಕೂರಲಿಲ್ಲ. "ತಾಂತ್, ಆವತ್ತು ಇಪ್ಪತ್ತೆರಡು ಅಂತ ಕೂಗಿದ್ದು ನಾನು. ಜೋಯೆಲ್ ಅಲ್ಲಿರ್ಲಿಲ್ಲ. ಅವಳ ದನೀಲಿ ನಾನು ಕೂಗ್ದೆ. ಕೋಚ್ ನಂಬಿದ್ರು."

ಕೂಗು ಎಂದು ಜೋಯೆಲ್‌ಳೇ ಹೇಳಿ ಹೋಗಿದ್ದಳಲ್ಲ, ಅದನ್ನು ಇವಳು ಹೇಳಲಿಲ್ಲ. ನಾನು ಬಾಯಿ ತೆರೆದೆ. ಪಕ್ಕದಲ್ಲಿ ನಿಂತಿದ್ದ ಡೊರೀನ್ ನನ್ನ ಪಾದವನ್ನು ಬೂಟಿನಿಂದ ಒತ್ತಿ ಹಿಡಿದಳು. ಸತ್ತವಳ ಮೇಲೆ ಒಂದು ಸಾಸಿವೆಯಷ್ಟೂ ಹೊರಿಸಲು ಅವಳಿಗೆ ಮನಸ್ಸಿರಲಿಲ್ಲ.

ಕಾವಲಿಯ ಮೇಲಿನ ದೋಸೆ ಹೊಗೆಯಾಡತೊಡಗಿತು. ಜನೀನ್ ಒಲೆ ಆರಿಸಿದಳು.

"ಹ್ಯಾಗೆ ಕೂಗ್ದೆ? ಕೂಗು."

ಡೊರೀನ್ ಆಗುವುದಿಲ್ಲ ಎಂಬಂತೆ ತಲೆಯಾಡಿಸಿದಳು.

"ಕೂಗು ಅಂದೆ."

ನಲವತ್ತನಾಲ್ಕು ವರ್ಷದ ಹೆಂಗಸು, ತಲೆಗೆ ಬಲೆ ಕಟ್ಟಿಕೊಂಡ ಅಡುಗೆಯವಳು, ಬಾಯಿ ತೆರೆದಳು. "ಇಪ್ಪತ್ತೆರಡು." ಹದಿನೇಳರ ಹುಡುಗಿಯ ದನಿ, ತುಸು ಮೂಗಿನಲ್ಲಿ, ಕೊನೆಗೆ ಎಳೆದು. ಜೋಯೆಲ್‌ಗೆ ಊಟ ಬಡಿಸಿದವಳು ನಾನು, ಆ ದನಿ ನನಗೆ ಗೊತ್ತು. ಜನೀನ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವಳ ಮುಖ ಒಂದು ಕ್ಷಣ ಅರಳಿತು, ಮಗಳು ಶಾಲೆಯಿಂದ ಬಂದಳೇನೋ ಎಂಬಂತೆ. ಆಮೇಲೆ ಅದು ಹೇಗೆ ಕುಸಿಯಿತೆಂದು ನಾನು ಬರೆಯಲಾರೆ.

"ಹೋಗು. ಇನ್ನು ಈ ಮನೆ ಮೆಟ್ಲು ಹತ್ಬೇಡ."

ಮರುದಿನ ಜನೀನ್ ಚರ್ಚಿಗೆ ಬಂದಳು. ಲಿಯೊನ ಹೆಂಡತಿಯ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ, ನಿನ್ನ ಗಂಡ ಸರಿಯಾಗಿ ಎಣಿಸಿದ್ದನಮ್ಮ ಎಂದಳು. ಡೊರೀನ್ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ದೇವತೆ ಎಂದ ಬಾಯಿಗಳೇ ಹೆಮ್ಮಾರಿ ಎಂದವು. ಡೊರೀನ್ ಸೋಮವಾರ ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದಳು. ಅವಳ ಕೈಯ ಊಟ ತಮ್ಮ ಮಕ್ಕಳಿಗೆ ಬೇಡ ಎಂದು ಬಂದ ಇಬ್ಬರು ತಾಯಂದಿರ ಜನ್ಮ ಜಾಲಾಡಿ ಕಳಿಸಿದೆ. ನನಗೆ ಅಷ್ಟಾದರೂ ಮಾಡಲು ಬಂತು.

ನವೆಂಬರ್ ಒಂಬತ್ತು ಜೋಯೆಲ್ ಹುಟ್ಟಿದ ದಿನ. ಅಂದು ಹನ್ನೊಂದು ಗಂಟೆಗೆ ಅಡುಗೆಮನೆಯ ಗೋಡೆಯ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. "ಅವಳಿಗೆ ಕೊಡು ಲೊರೇನ್" ಎಂದಿತು ಜನೀನ್ ದನಿ. ಡೊರೀನ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನು ಕಿವಿಗಿಟ್ಟುಕೊಂಡಳು. ಕ್ಷಮಿಸಿದಳೇನೋ ಎಂದು ನನ್ನ ಎದೆ ಹಗುರಾಯಿತು, ದಡ್ಡಿ ನಾನು. "ಕೂಗು" ಎಂದಿತು ಆ ಕಡೆಯ ದನಿ. ಡೊರೀನ್ ಕಣ್ಣು ಮುಚ್ಚಿ, ಹುಡುಗಿಯ ದನಿಯಲ್ಲಿ, "ಇಪ್ಪತ್ತೆರಡು" ಎಂದಳು. ಆ ಕಡೆಯಿಂದ ಫೋನು ಇಟ್ಟ ಸದ್ದು ನನಗೂ ಕೇಳಿಸಿತು.

ಎರಡು ವರ್ಷದಿಂದ ವರ್ಷಕ್ಕೆ ಅದೊಂದು ದಿನ, ಅದೊಂದೇ ಮಾತು. ಮಾತು ಮುಗಿದ ಮೇಲೆ ಡೊರೀನ್ ಮತ್ತೆ ಚಾಕು ಎತ್ತಿಕೊಂಡು ಆಲೂಗಡ್ಡೆ ಸುಲಿಯುತ್ತಾಳೆ.