ಜರಡಿಯ ಮೇಲೆ ಉಳಿದದ್ದು

ನನ್ನ ಅತ್ತಿಗೆಗೆ ಕಾರ್ಖಾನೆಯಲ್ಲಿ ಇಟ್ಟ ಅಡ್ಡಹೆಸರು ಜರಡಿ. ಹಣ್ಣು ತರಕಾರಿಗಳನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಗಾಳಿಯನ್ನೆಲ್ಲ ಹೊರಗೆಳೆದ ಕೋಣೆಯಲ್ಲಿಟ್ಟು, ನೀರನ್ನಷ್ಟೇ ಹಾರಿಸಿ ಒಣಗಿಸುವ ಕಾರ್ಖಾನೆ ಅದು. ಹಾಗೆ ಒಣಗಿದ ಕ್ಯಾರೆಟ್ ತುಂಡು ಉಫ್ ಎಂದರೆ ಹಾರಿಹೋಗುವಷ್ಟು ಹಗುರ. ಬಣ್ಣ ಮಾತ್ರ ಹಾಗೇ ಇರುತ್ತದೆ. ಅದರ ಪುಡಿಯನ್ನು ಜರಡಿ ಹಿಡಿಯುವುದು ಅತ್ತಿಗೆಯ ಕೆಲಸ. ಮೇಲೆ ಉಳಿದ ತರಿಯೆಲ್ಲ ಬೇಡವಾದದ್ದನ್ನು ಹಾಕುವ ಕೆಂಪು ತೊಟ್ಟಿಗೆ. ಅವಳ ಕಣ್ಣು ತಪ್ಪಿಸಿ ಒಂದು ತರಿಯೂ ಡಬ್ಬಿ ಸೇರಿದ್ದಿಲ್ಲ. ಮೇಲ್ವಿಚಾರಕನ ಮಾತಿನಲ್ಲಿ ತರಿ ಕಂಡರೂ ಅವಳು ಬಿಡುತ್ತಿರಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಬಂಧುಗಳೆಲ್ಲ ಕೇಳಿ ಕೇಳಿ ಸುಸ್ತಾದ ಮೇಲೆ, ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಹೆರಿಗೆ ರಜೆ ಮುಗಿಯುತ್ತ ಬಂದಾಗ ನಮ್ಮಮ್ಮ ಸೊಸೆಯ ಮುಂದೆ ಷರತ್ತಿಟ್ಟಳು.

"ಮಗು ಊಟ ಹಿಡಿದ್ರೆ ಕೆಲಸಕ್ಕೆ ಹೋಗು. ಇಲ್ಲ ಅಂದ್ರೆ ಕೆಲಸ ಬಿಡು. ಹಾಲು ಬಿಟ್ಟು ಬೇರೇನೂ ಮುಟ್ಟದ ಕೂಸನ್ನ ನಾನು ಹೇಗೆ ಸಂಭಾಳಿಸ್ಲಿ?"

"ಕೆಲಸನೂ ಬಿಡಲ್ಲ, ಮಗುನೂ ಬಿಡಲ್ಲ," ಅಂದಳು ಅತ್ತಿಗೆ. "ಊಟ ನಾನೇ ಮಾಡಿಡ್ತೀನಿ. ಬಿಸಿನೀರು ಹಾಕಿ ತಿನ್ನಿಸಿದ್ರೆ ಸಾಕು."

ಬಸ್ ಓಡಿಸುವ ನಮ್ಮಣ್ಣ, ಈ ಮಾತು ಶುರುವಾದದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ಹೊರಟ. ರಸ್ತೆಯಲ್ಲಿ ಲಾರಿಗಳಿಗೂ ದಾರಿ ಬಿಡದವನು, ಮನೆಯಲ್ಲಿ ಮಾತ್ರ ಸದಾ ರಿವರ್ಸ್ ಗೇರ್.

ಅತ್ತಿಗೆ ಕಾರ್ಖಾನೆಯ ಅಂಗಡಿಯಿಂದಲೇ ಒಣಗಿದ ಕ್ಯಾರೆಟ್, ಸೇಬು, ಬಟಾಣಿ ತಂದಳು. ಮಿಕ್ಸಿಯ ಜಾರನ್ನು ಬಿಸಿಲಿಗಿಟ್ಟು, ಕೈ ಒರೆಸಿಕೊಂಡು, ಒಂದೊಂದನ್ನೂ ಪುಡಿ ಮಾಡಿ ಜರಡಿ ಹಿಡಿದು ಗಾಜಿನ ಶೀಶೆಗಳಿಗೆ ತುಂಬಿದಳು. ಒದ್ದೆ ಚಮಚ ಅವುಗಳ ಹತ್ತಿರ ಸುಳಿಯುವಂತಿರಲಿಲ್ಲ. ಒಂದು ಹನಿ ತಗುಲಿದರೂ ಪುಡಿ ಹೆಂಟೆಯಾಗುತ್ತದೆ. ಜರಡಿಯ ಮೇಲೆ ಉಳಿದ ತರಿಯನ್ನು ಇನ್ನೊಂದು ಡಬ್ಬಿಗೆ ಸುರಿದು ಮೂಲೆಗೆ ತಳ್ಳಿದಳು. ಮನೆಯಲ್ಲಿ ಕೆಂಪು ತೊಟ್ಟಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬಿಸಿನೀರು ಸೇರಿದ್ದೇ ಪುಡಿ ಗೋಂದಿನಂತಾಯಿತು. ಮಗು ಬಾಯಿಗೆ ತೆಗೆದುಕೊಂಡಿತು, ಸ್ವಲ್ಪ ಯೋಚಿಸಿತು, ಅತ್ತಿಗೆಯ ಮುಖಕ್ಕೇ ಉಗಿಯಿತು. ಕ್ಯಾರೆಟ್ಟಿಗೆ ಆದ ಗತಿಯೇ ಸೇಬಿಗೂ ಆಯಿತು. ಬಟಾಣಿಯಂತೂ ಗೋಡೆಗೆ ಹೋಗಿ ಅಂಟಿತು.

"ಬಣ್ಣದ ಮಣ್ಣು ಕಲಸಿ ಕೊಟ್ರೆ ಯಾವ ಮಗು ತಿನ್ನುತ್ತೆ?" ಅಂದಳು ಅಮ್ಮ.

"ಉಗಿದೂ ಉಗಿದೂ ಅವಳಿಗೇ ಸುಸ್ತಾಗ್ಬೇಕು, ನನಗಲ್ಲ," ಎಂದ ಅತ್ತಿಗೆ ಇನ್ನೂ ಸಣ್ಣ ಕಣ್ಣಿನ ಜರಡಿ ತಂದಳು.

ನನಗೆ ಸಿಟ್ಟು ಬಂತು. ಹಠಕ್ಕೂ ಒಂದು ಮಿತಿ ಬೇಡವೇ? ಆದರೆ ಇದೇ ಅಮ್ಮನ ಮಾತಿಗೆ ಹೊಲಿಗೆ ಯಂತ್ರ ಮುಚ್ಚಿಟ್ಟು ಮನೆಯಲ್ಲಿ ಕೂತವಳು ನಾನು. ಅತ್ತಿಗೆಯಾದರೂ ಗೆಲ್ಲಲಿ ಎಂದು ಒಳಗೊಳಗೇ ಬಯಸುತ್ತಿದ್ದೆ.

ರಜೆಯ ಕೊನೆಯ ದಿನ ಯಾರೂ ಹೂಂ ಎನ್ನದಿದ್ದರೂ ಅತ್ತಿಗೆ ಕಾರ್ಖಾನೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮನ ಕಣ್ಣು ತರಿಯ ಡಬ್ಬಿಯ ಮೇಲೆ ಬಿತ್ತು. ಒಂದು ಕಾಳು ದಂಡವಾದರೂ ಹೊಟ್ಟೆ ಉರಿಸಿಕೊಳ್ಳುವವಳು ಅವಳು. ಒಂದಿಷ್ಟು ಕ್ಯಾರೆಟ್ ತರಿಯನ್ನು ಬಟ್ಟಲಿಗೆ ಹಾಕಿ ಬಿಸಿನೀರು ಹೊಯ್ದು, ಮಗುವನ್ನೆತ್ತಿಕೊಂಡು ಕೂತು, ನೆನೆದು ಮೆತ್ತಗಾದದ್ದನ್ನು ಬೆರಳಲ್ಲಿ ಹಿಸುಕಿ ತನ್ನ ಬೊಚ್ಚುಬಾಯಿಗೆ ಹಾಕಿಕೊಂಡಳು.

"ಪರವಾಗಿಲ್ಲ, ಈಗ ತಾನೇ ಬೇಯಿಸಿದ ಹಾಗಿದೆ," ಎಂದು ಗೊಣಗಿದಳು.

ತೊಡೆಯ ಮೇಲಿದ್ದ ಮಗು ಅವಳ ಬೆರಳನ್ನೇ ಹಿಡಿದು ಬಾಯಿಗೆ ಎಳೆದುಕೊಂಡಿತು. ಚೀಪಿತು, ವಸಡಿನಲ್ಲಿ ಮೆದ್ದಿತು, ನುಂಗಿತು. ಮತ್ತೆ ಬಟ್ಟಲಿಗೆ ಕೈ ಚಾಚಿತು. ಅದಕ್ಕೆ ಬಾಯಲ್ಲಿ ಆಡಿಸಲು ಏನಾದರೂ ಬೇಕಿತ್ತು. ನಾವು ಗೋಂದು ಕೊಡುತ್ತಿದ್ದೆವು.

ನಾನು ಕೂಗಿದ್ದಕ್ಕೆ ಅತ್ತಿಗೆ ಇಸ್ತ್ರಿ ಬಿಟ್ಟು ಓಡಿಬಂದಳು. ಬಟ್ಟಲು ನೋಡಿ ಹೌಹಾರಿದಳು.

"ಅಯ್ಯೋ, ಅದು ರಿಜೆಕ್ಟು!"

"ನಿಮ್ಮ ಕಾರ್ಖಾನೆಗೆ ರಿಜೆಕ್ಟು, ನನ್ನ ಮೊಮ್ಮಗಳಿಗಲ್ಲ," ಅಂದಳು ಅಮ್ಮ. "ಸುಮ್ನಿರು, ಊಟ ಮಾಡ್ತಾ ಇದೆ."

ಅಂದ ಮೇಲೆ ಅಮ್ಮನಿಗೆ ತಾನು ಏನಂದೆನೆಂದು ಹೊಳೆಯಿತು. ಷರತ್ತಿಟ್ಟವಳೂ ಅವಳೇ. ಅತ್ತಿಗೆ ನಗಲೂ ಇಲ್ಲ, ಕಣ್ಣೀರು ಹಾಕಲೂ ಇಲ್ಲ. ಜರಡಿಯನ್ನು ಮೊಳೆಗೆ ತೂಗುಹಾಕಿ, ಒಂದು ಚಮಚ ತೆಗೆದು ಚೆನ್ನಾಗಿ ಒರೆಸಿ ಅಮ್ಮನ ಕೈಗಿಟ್ಟಳು.

"ನಾಳೆ ಬೆಳಿಗ್ಗೆ ನಾನು ಹೊರಡ್ತೀನಿ, ಅತ್ತೆ. ಇವಳಿಗೆ ನೀವೇ ತಿನ್ನಿಸಿ. ಬಟ್ಟಲಿಗೆ ಎಷ್ಟು ನೀರಾದ್ರೂ ಹಾಕಿ. ಡಬ್ಬಿಗೆ ಮಾತ್ರ ಒದ್ದೆ ಚಮಚ ಹಾಕಿದ್ರೆ ನೋಡಿ ಮತ್ತೆ!"

ಅಮ್ಮ ಯಾರ ಮಾತಿಗೂ ಬಗ್ಗಿದವಳಲ್ಲ. ಆವತ್ತು ಆ ಚಮಚವನ್ನು ಇನ್ನೊಮ್ಮೆ ಒರೆಸಿದಳು.