ಅಳತೆಗೆ ಬಿಟ್ಟ ದಿಬ್ಬ

ಗುರಲಿಂಗಪ್ಪನ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಅವನ ಮೇಲಲ್ಲ. ನಮ್ಮ ರೈಲುಪ್ರಿಯರ ಸಂಘದ ಮೇಲೆ, ಅದರ ಅಧ್ಯಕ್ಷ ನಂದನ ರಾಯರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಈ ಬಲಗೈಯ ಮೇಲೆ. ಐದು ವರ್ಷ ಕಳೆದರೂ ಅದು ತಣ್ಣಗಾಗಿಲ್ಲ. ತಣ್ಣಗಾಗುವ ಮೊದಲೇ ಬರೆದುಬಿಡುವುದು ಒಳ್ಳೆಯದು.

ನಾನು ಹೃಷೀಕೇಶ. ಕಾಪುವಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆ ಅಂಬಲಪಾಡಿಯಲ್ಲಿ. ನಮ್ಮ ಮನೆತನದವರು ದೇವಸ್ಥಾನದ ಪೂಜೆಗೆ ಹೋಗುವವರು. ನಾನೊಬ್ಬ ರೈಲಿನ ಹಿಂದೆ ಹೋದೆ. ತೊಂಬತ್ತಮೂರರಲ್ಲಿ ಉಡುಪಿಗೆ ಮೊದಲ ರೈಲು ಬಂದ ದಿನ ಹೊಟ್ಟೆನೋವೆಂದು ಸುಳ್ಳು ರಜೆ ಬರೆದು ಇಂದ್ರಾಳಿಯ ಸ್ಟೇಶನ್ನಿನಲ್ಲಿ ಬೆಳಗ್ಗಿನಿಂದ ನಿಂತಿದ್ದೆ. ತೊಂಬತ್ತೆಂಟರ ಹೊತ್ತಿಗೆ ನನ್ನ ಗಾಜಿನ ಕಪಾಟಿನಲ್ಲಿ ನಲವತ್ತಮೂರು ಆಟಿಕೆ ಎಂಜಿನ್ನುಗಳಿದ್ದವು. ಕರಾವಳಿಯ ಹಳಿಯಲ್ಲಿ ಯಾವ ಸುರಂಗ ಎಷ್ಟು ಉದ್ದ, ಯಾವ ಸೇತುವೆಗೆ ಎಷ್ಟು ಕಂಬ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈ ವಿದ್ಯೆಯ ಮೇಲೆ ನನಗೆ ಸಣ್ಣ ಅಹಂಕಾರವೂ ಇತ್ತು. ಸಣ್ಣದು ಎಂದು ಬರೆದೆನಲ್ಲ, ಅದೂ ಸುಳ್ಳು.

ಎರಡು ಸಾವಿರದ ಒಂದರಲ್ಲಿ ನನ್ನಂಥ ಒಂಬತ್ತು ಮಂದಿ ಸೇರಿ ಮಣಿಪಾಲದಲ್ಲಿ, ಒಂದು ಹೊಲಿಗೆ ಅಂಗಡಿಯ ಮಾಳಿಗೆಯಲ್ಲಿ ಕೋಣೆ ಹಿಡಿದೆವು. ನಂದನ ರಾಯರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಹನ್ನೆರಡು ಅಡಿ ಉದ್ದದ ಮೇಜಿನ ಮೇಲೆ ನಮ್ಮೂರಿನ ಹಳಿಯನ್ನೇ ಚಿಕ್ಕದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಒಂದು ಹೊಳೆ, ಒಂದು ಸೇತುವೆ, ಒಂದು ಸುರಂಗ, ಗುಡ್ಡ ಕಡಿದು ಮಾಡಿದ ದಾರಿ. ಬಾಯಲ್ಲಿ ಕಟ್ಟುವುದು ಸುಲಭ. ಹಳಿ ಜೋಡಿಸಿದ್ದಾಯಿತು, ಆದರೆ ತಿರುವಿನಲ್ಲಿ ರೈಲು ಪ್ರತಿ ಸಲ ಮಗುಚುತ್ತಿತ್ತು. ಎರಡು ತಿಂಗಳು ಚರ್ಚೆ ಮಾಡಿದೆವು. ಎಂಜಿನ್ನಿನ ದೋಷ ಎಂದರು ಒಬ್ಬರು, ಕರೆಂಟಿನ ದೋಷ ಎಂದರು ಇನ್ನೊಬ್ಬರು.

ಆ ಕೋಣೆಯ ಗೋಡೆಗೆ ಗಾರೆ ಹಾಕಲು ಮರಳು ಹೊತ್ತು ತಂದವನು ಗುರಲಿಂಗಪ್ಪ. ರೋಣದ ಕಡೆಯವನು. ಬುಟ್ಟಿ ಕೆಳಗಿಟ್ಟು ಸ್ವಲ್ಪ ಹೊತ್ತು ನಮ್ಮ ರೈಲು ಬೀಳುವುದನ್ನು ನೋಡಿದ. ಆಮೇಲೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಯಾರನ್ನೂ ಕೇಳದೆ ಮೇಜಿನ ಅಂಚಿಗೆ ಬಂದು, ಹಳಿಯ ಮಟ್ಟಕ್ಕೆ ಕೆನ್ನೆಯಿಟ್ಟು ಒಂದು ಕಣ್ಣು ಮುಚ್ಚಿದ.

"ಇಲ್ಲಿ ಹಳಿ ಕುಂತೈತ್ರಿ ಸರ," ಅಂದ.

ಅಲ್ಲೇ ಬಿದ್ದಿದ್ದ ಯಾರದೋ ಮದುವೆ ಕಾಗದವನ್ನು ಸಣ್ಣಗೆ ಹರಿದು, ಮಡಚಿ, ಹಳಿಯ ಕೆಳಗೆ ಎರಡು ಕಡೆ ತೂರಿಸಿದ. ರೈಲು ಬೀಳಲಿಲ್ಲ. ಆ ದಿನ ಇಡೀ ಬೀಳಲಿಲ್ಲ. ನಿಜವಾದ ಹಳಿ ಹಾಕುವಾಗ ಅವನು ಎರಡು ವರ್ಷ ಇದೇ ಕೆಲಸ ಮಾಡಿದ್ದನಂತೆ. ಮೊದಲು ಗುಡ್ಡ ಅಗೆಯುವುದು, ಆಮೇಲೆ ಹಳಿಯ ಕೆಳಗೆ ಜಲ್ಲಿ ಬಡಿದು ತುಂಬುವುದು. ಹಳಿ ಮುಗಿದ ಮೇಲೆ ಅವನ ಗ್ಯಾಂಗಿನವರು ಊರಿಗೆ ಹೋದರು, ಅವನು ಹೆಂಡತಿ ಸೋಮವ್ವನ ಜೊತೆ ಸಂತೆಕಟ್ಟೆಯ ಹತ್ತಿರ ತಗಡಿನ ಶೆಡ್ಡಿನಲ್ಲಿ ಉಳಿದುಕೊಂಡಿದ್ದ. ಯಾಕೆ ಉಳಿದೆ ಎಂದು ನಾನು ಕೇಳಲಿಲ್ಲ.

ಅವನ ಬಳಿಯೂ ಒಂದು ಸಂಗ್ರಹ ಇತ್ತು. ಮಣಿಪಾಲದ ದೊಡ್ಡ ಮನೆಗಳ ಕಸದಲ್ಲಿ ಸಿಕ್ಕಿದ ಏಳು ಎಂಜಿನ್ನುಗಳು, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಒಂದಕ್ಕೆ ಚಕ್ರವಿರಲಿಲ್ಲ, ಸೋಡಾ ಬಾಟಲಿಯ ಮುಚ್ಚಳ ಬಡಿದು ಹಾಕಿದ್ದ. ನನ್ನ ನಲವತ್ತಮೂರೂ ಕಪಾಟಿನಲ್ಲಿ ನಿಂತೇ ಇದ್ದವು. ಅವನ ಏಳೂ ಓಡುತ್ತಿದ್ದವು. ಭಾನುವಾರ ಶೆಡ್ಡಿನ ಸಾಲಿನವರನ್ನೆಲ್ಲ ಕೂರಿಸಿ ನೆಲದ ಮೇಲೆ ಓಡಿಸಿ ತೋರಿಸುತ್ತಿದ್ದ. ಆಮೇಲೆ ನಡೆದುಕೊಂಡು ಹೋಗಿ ನಿಜವಾದ ಗಾಡಿ ಹಾದುಹೋಗುವುದನ್ನು ನೋಡಿ ಬರುತ್ತಿದ್ದ. ನಾನೂ ಕೆಲವು ಸಲ ಜೊತೆಗೆ ಹೋಗಿದ್ದೆ. ಗಾಡಿ ಬಂದಾಗ ನಾನು ಎಂಜಿನ್ನಿನ ನಂಬರು ಬರೆದುಕೊಳ್ಳುತ್ತಿದ್ದೆ. ಅವನು ಕೆಳಗೆ, ಜಲ್ಲಿಯನ್ನು ನೋಡುತ್ತಿದ್ದ.

ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಅವನು ನನಗಿಂತ ಎರಡು ವರ್ಷ ದೊಡ್ಡವ. ಅದನ್ನೂ ಬರೆದಿಡುತ್ತೇನೆ.

ಗುಡ್ಡ ಮಾಡುವ ಕೆಲಸ ನಮ್ಮಿಂದಾಗದೆ ಅವನ ಪಾಲಿಗೆ ಬಂತು. ಮುರಕಲ್ಲಿನ ಕೆಂಪು ಪುಡಿ, ಮರದ ಹುಡಿ, ಗೋಂದು ಕಲಸಿ ನಾಲ್ಕು ತಿಂಗಳು ದುಡಿದ. ಕೂಲಿ ಕೊಡುತ್ತೇವೆಂದರೆ, "ಇದಕ್ಕ ಬ್ಯಾಡ್ರಿ" ಅಂದ. ಒಂದು ವಿಷಯ ಮಾತ್ರ ನಮಗೆಲ್ಲ ವಿಚಿತ್ರವಾಗಿ ಕಂಡಿತು. ನಡುವೆ ದಾರಿ ಬಿಟ್ಟು ಎರಡು ಕಡೆ ಗುಡ್ಡ ಮಾಡಿದರೆ ಸಾಕಾಗಿತ್ತು. ಅವನು ಹಾಗೆ ಮಾಡದೆ ಮೊದಲು ಇಡೀ ಗುಡ್ಡವನ್ನು ತುಂಬಿಸಿದ, ಒಣಗಲು ಬಿಟ್ಟ, ಆಮೇಲೆ ಚಮಚದಲ್ಲಿ, ಚೂರಿಯಲ್ಲಿ ದಿನಕ್ಕಿಷ್ಟೆಂದು ಅಗೆಯುತ್ತಾ ಬಂದ. ಎರಡು ಪಟ್ಟು ಕೆಲಸ. ತಲೆ ಇಲ್ಲದವನು ಎಂದು ನಾವು ನಕ್ಕೆವು. ನಾನೂ ನಕ್ಕೆ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಮಣಿಪಾಲದ ಒಂದು ಸಭಾಂಗಣದಲ್ಲಿ ಮೂರು ದಿನದ ಪ್ರದರ್ಶನ ಇಟ್ಟೆವು. ಹಿಂದಿನ ದಿನ ಮಧ್ಯಾಹ್ನ ನಂದನ ರಾಯರು ಪರಿಶೀಲನೆಗೆ ಬಂದರು. ಎಲ್ಲ ನೋಡಿ ಕಡಿದ ಗುಡ್ಡದ ಹತ್ತಿರ ನಿಂತರು. ಅಲ್ಲಿ ಹಳಿಯ ಪಕ್ಕದಲ್ಲಿ, ಸುತ್ತ ಎಲ್ಲ ಅಗೆದು ತೆಗೆದ ಜಾಗದಲ್ಲಿ, ಎರಡು ಬೆರಳು ದಪ್ಪ, ಒಂದು ಗೇಣು ಎತ್ತರದ ಮಣ್ಣಿನ ಕಂಬವೊಂದು ಉಳಿದಿತ್ತು. ಅದರ ತಲೆಯ ಮೇಲೆ ನಾಲ್ಕು ಎಸಳು ಒಣ ಹುಲ್ಲು.

"ಇದೆಂತ ಮಾರಾಯರೇ, ಬೊಚ್ಚು ಬಾಯಲ್ಲಿ ಒಂದು ಹಲ್ಲು ಉಳಿದ ಹಾಗೆ ಉಂಟು! ನಾಳೆ ಪೇಪರಿನವರು ಬರುತ್ತಾರೆ," ಅಂದರು ರಾಯರು. "ಕೆಲಸ ಪೂರ್ತಿ ಮಾಡಲಿಲ್ಲ ಅಲ್ವಾ ಅವ? ತೆಗೆಸಿ ಅದನ್ನು."

ಗುರಲಿಂಗಪ್ಪ ಬಲ್ಬು ತರಲು ಹೋಗಿದ್ದ. ಹತ್ತು ನಿಮಿಷ ಕಾದಿದ್ದರೆ ಬರುತ್ತಿದ್ದ. ನಾನು ಕಾಯಲಿಲ್ಲ. ಪೈಂಟಿನವರು ಪುಟ್ಟಿ ಹಚ್ಚುವ ತಗಡಿನ ಪಟ್ಟಿ ಅಲ್ಲೇ ಇತ್ತು, ಅದನ್ನು ಬುಡಕ್ಕೆ ಕೊಟ್ಟು ಒಂದು ಸಲ ಮೀಟಿದೆ. ಕಂಬ ಎರಡು ತುಂಡಾಗಿ ಬಿತ್ತು. ಕಸದ ಬುಟ್ಟಿಗೆ ಹಾಕಿ, ಜಾಗವನ್ನು ನೀಟಾಗಿ ಉಜ್ಜಿ, ಕೆಂಪು ಪುಡಿ ಉದುರಿಸಿದೆ. ರಾಯರು ಬೆನ್ನು ತಟ್ಟಿದರು.

ಗುರಲಿಂಗಪ್ಪ ಬಂದ. ಬಲ್ಬು ಹಿಡಿದುಕೊಂಡೇ ಆ ಜಾಗ ನೋಡಿದ.

"ಸರ, ಇಲ್ಲಿತ್ತಲ್ರಿ?"

"ಅದಾ? ಅಗೆದು ಉಳಿದ ಮಣ್ಣಲ್ವಾ, ತೆಗೆದೆ. ಪೂರ್ತಿ ಮಾಡಲು ಮರೆತುಬಿಟ್ಟಿದ್ದೆ ನೀನು," ಅಂದೆ, ಉಪಕಾರ ಮಾಡಿದವನ ಹಾಗೆ.

ಅವನು ಬಲ್ಬನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಚಹಾ ಕುಡಿಯಲು ಹೋದನೆಂದುಕೊಂಡೆ.

ಮರುದಿನ ಬರಲಿಲ್ಲ. ಪ್ರದರ್ಶನಕ್ಕೆ ಜನವೋ ಜನ. ರಾಯರು ಭಾಷಣದಲ್ಲಿ ಬ್ಯಾನರು ಬರೆದವನಿಂದ ಹಿಡಿದು ಶಾಮಿಯಾನದವನವರೆಗೆ ಹದಿನಾರು ಮಂದಿಗೆ ಕೃತಜ್ಞತೆ ಹೇಳಿದರು. ಗುಡ್ಡ ಮಾಡಿದವನ ಹೆಸರು ಅದರಲ್ಲಿರಲಿಲ್ಲ, ವೇದಿಕೆಯ ಮೇಲೆ ಕುಳಿತಿದ್ದ ನನಗೂ ಅದು ಹೊಳೆಯಲಿಲ್ಲ. ಎರಡನೆಯ ದಿನ ಬೆಳಗ್ಗೆ ಅದೇ ತಿರುವಿನಲ್ಲಿ ರೈಲು ಮತ್ತೆ ಮಗುಚಿತು. ನಾನು ಅವನ ಹಾಗೆ ಕೆನ್ನೆಯಿಟ್ಟು ನೋಡಿದೆ, ಏನೂ ಕಾಣಲಿಲ್ಲ. ಕಾಗದ ತೂರಿಸಿದೆ, ಇನ್ನೂ ಕೆಟ್ಟಿತು. ಜನ ನಗತೊಡಗಿದರು. ಸ್ಕೂಟರ್ ಹತ್ತಿ ಸಂತೆಕಟ್ಟೆಗೆ ಹೋದೆ, ದಾರಿಯುದ್ದಕ್ಕೂ ಕುದಿಯುತ್ತಾ.

ಅವನು ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದ. ನಾನು ಸ್ಕೂಟರಿನಿಂದ ಇಳಿಯುವ ಮೊದಲೇ ಶುರುಮಾಡಿದೆ. "ಎಂತ ಮಾರಾಯ ನೀನು, ಹೇಳದೆ ಕೇಳದೆ ಹೀಗೆ ಕೈಕೊಡುವುದಾ? ನಮ್ಮ ಮಾನ ಹೋಗ್ತಾ ಉಂಟು ಅಲ್ಲಿ! ಒಂದು ಮುಷ್ಟಿ ಮಣ್ಣು ತೆಗೆದದ್ದಕ್ಕೆ ಇಷ್ಟು ಸಿಟ್ಟಾ?"

ಅವನು ತಲೆ ಎತ್ತಲಿಲ್ಲ. ಒಳಗಿನಿಂದ ಸೋಮವ್ವ ಬಂದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನೊಡನೆ ಮಾತನಾಡಿದ್ದು ಅದೇ ಮೊದಲು.

"ಮಾಸ್ತರ, ಅದು ಮಣ್ಣಲ್ಲ," ಅಂದಳು. "ಗುಡ್ಡ ಅಗಿಯೂ ಮುಂದ ನಡುವ ಒಂದು ದಿಬ್ಬ ಹಂಗ ಬಿಡ್ತಾರ. ಮ್ಯಾಲಿನ ಹುಲ್ಲು ಸುದ್ದಾ ಕೀಳೂದಿಲ್ಲ. ಸಾಹೇಬ್ರು ಬಂದು ಅದರ ತಲಿಯಿಂದ ಬುಡಕ್ಕ ಅಳತಿ ಹಿಡೀತಾರ, ಇಷ್ಟು ಆಳ ಅಗದಾರ ಅಂತ ಬರ್ಕೋತಾರ. ನಾವು ದುಡದದ್ದಕ್ಕ ಅದೊಂದ ಸಾಕ್ಷಿ."

ನಾನು ಸ್ಕೂಟರಿನಿಂದ ಇಳಿದೆ. ಅವಳು ಮುಂದುವರಿಸಿದಳು.

"ಈ ರೈಲಿನ ಹಳಿ ಹಾಕೂ ಮುಂದ ನನ್ನ ಮೈದುನ ದುರ್ಗೇಶ ಅಂಥಾ ಒಂದು ದಿಬ್ಬದ ಬುಡಕ್ಕ ಅಗಿಯಾಕತ್ತಿದ್ದ. ಮಳಿಗೆ ಗುಡ್ಡ ಕುಸೀತು. ಹತ್ತೊಂಬತ್ತು ವರ್ಷ ಅವಗ. ಅವನ್ನ ಹೊರಗ ತಗದು ನಾವು ದವಾಖಾನಿಗೆ ಹೋಗಿ ಬರೂದ್ರಾಗ ಗುತ್ತಿಗೆದಾರ ಮಶಿನ್ ತಂದು ಎಲ್ಲಾ ಸಾಪ್ ಮಾಡಿಸಿದ್ದ. ದಿಬ್ಬನೂ ಇಲ್ಲ, ಏನೂ ಇಲ್ಲ. ಸಾಹೇಬ್ರು ಬಂದಾಗ, ಇಲ್ಲಿ ಯಾವ ಗ್ಯಾಂಗೂ ಕೆಲಸ ಮಾಡಿಲ್ಲ, ಹುಡುಗ ದಾರಿ ತಪ್ಪಿ ಬಂದು ಸತ್ತಾನ ಅಂದ. ಅವರು ಹಂಗ ಬರ್ಕೊಂಡ್ರು." ಅವಳು ನನ್ನ ಕೈ ನೋಡಿದಳು. "ಹನ್ನೊಂದು ವರ್ಷ ಆದಮ್ಯಾಲ ಇವ್ರು ಆ ದಿಬ್ಬ ಬಿಟ್ಟಿದ್ರು. ನೀವೂ ಅದನ್ನ ಸಾಪ್ ಮಾಡಿದ್ರಿ."

ನನ್ನ ಕುದಿತ ಎಲ್ಲಿ ಹೋಯಿತೋ ಗೊತ್ತಿಲ್ಲ. "ನನಗೆ ಯಾಕೆ ಹೇಳಲಿಲ್ಲ ಗುರಲಿಂಗಪ್ಪ?" ಎಂದು ಕೇಳಿದೆ.

"ನೀವು ಕೇಳಲಿಲ್ಲಲ್ರಿ ಸರ," ಅಂದ.

ಸಭಾಂಗಣಕ್ಕೆ ಓಡಿಬಂದು ಕಸದ ಬುಟ್ಟಿ ಮಗುಚಿ ನೋಡಿದೆ. ಹಿಂದಿನ ದಿನವೇ ಖಾಲಿ ಮಾಡಿದ್ದರು. ರಾಯರಿಗೆ ಎಲ್ಲ ಹೇಳಿ, ಆ ಜಾಗದಲ್ಲಿ ದುರ್ಗೇಶನ ಹೆಸರು ಬರೆದು ಒಂದು ಚೀಟಿಯನ್ನಾದರೂ ಇಡೋಣ ಎಂದೆ.

"ಪಾಪ, ಬೇಸರದ ವಿಷಯವೇ," ಅಂದರು ರಾಯರು. "ಆದರೆ ಇದು ಸಂತೋಷಪಡುವ ಜಾಗ ಅಲ್ವಾ ಹೃಷೀಕೇಶ? ಜನ ರೈಲು ನೋಡಲಿಕ್ಕೆ ಬರುವುದು. ಇಲ್ಲಿ ಸಾವು ಯಾಕೆ ತರುವುದು? ಬೇಕಾದರೆ ಸ್ವಲ್ಪ ಮಣ್ಣು ಕಲಸಿ ಒಂದು ಅಂಟಿಸಿ ಬಿಡಿ, ಅವನಿಗೂ ಸಮಾಧಾನ."

ನಾನು ಬೈದೆ. ಹದಿನೈದು ವರ್ಷ ಪಾಠ ಮಾಡಿದ ಮೇಷ್ಟ್ರ ಗಂಟಲು, ಸಭಾಂಗಣ ಇಡೀ ಕೇಳಿತು. ಸುರಂಗದ ಉದ್ದ ಗೊತ್ತು ನಿಮಗೆ, ತೋಡಿದವರು ಯಾರೆಂದು ಗೊತ್ತುಂಟಾ ಎಂದೆ. ನನಗೂ ಗೊತ್ತಿರಲಿಲ್ಲ ಎಂಬುದು ಕೂಗುವಾಗಲೇ ಹೊಳೆಯಿತು. ಜನ ರೈಲು ಬಿಟ್ಟು ನನ್ನನ್ನು ನೋಡಿದರು. ಅವತ್ತೇ ರಾಜೀನಾಮೆ ಬರೆದುಕೊಟ್ಟೆ. ರಾಯರು ನನಗೆ ಬಿ.ಪಿ. ಹೆಚ್ಚಾಗಿದೆ ಎಂದು ಎಲ್ಲರಿಗೂ ಹೇಳಿದರಂತೆ.

ಆದರೆ ರಾಯರು ಹೇಳಿದ್ದನ್ನೇ ನಾನು ಮಾಡಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮನೆಯಲ್ಲಿ ಮಣ್ಣು ಕಲಸಿ, ಒಂದು ಗೇಣಿನ ಕಂಬ ಮಾಡಿ, ಮೇಲೆ ಹುಲ್ಲು ಚುಚ್ಚಿ, ಶೂ ಡಬ್ಬಿಯಲ್ಲಿ ಹತ್ತಿ ಹಾಸಿ ಗುರಲಿಂಗಪ್ಪನಿಗೆ ತೆಗೆದುಕೊಂಡು ಹೋದೆ. ಅವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮೆಲ್ಲಗೆ ಡಬ್ಬಿಗೇ ಹಾಕಿದ.

"ದಿಬ್ಬ ತಂದು ಇಡೂದಲ್ರಿ ಸರ. ಸುತ್ತ ಅಗದು ಅದನ್ನ ಬಿಡೂದು," ಅಂದ.

ಅವನು ಎರಡು ಪಟ್ಟು ಕೆಲಸ ಮಾಡಿದ್ದು ಯಾಕೆಂದು ಆಗ ಅರ್ಥವಾಯಿತು.

ಆ ಬೇಸಿಗೆ ರಜೆಯಲ್ಲಿ ಅಂಬಲಪಾಡಿಯ ನನ್ನ ಮನೆಯ ಜಗಲಿಯಲ್ಲಿ ಮೇಜು ಹಾಕಿದೆವು. ಗುಡ್ಡ ತುಂಬಿಸಿದೆವು, ಹದಿನೈದು ದಿನ ಒಣಗಿಸಿದೆವು. ಆಮೇಲೆ ಇಬ್ಬರೂ ಚಮಚ ಹಿಡಿದು ಅಗೆದೆವು. ನನ್ನ ಬೆರಳಿನಲ್ಲಿ ಬೊಕ್ಕೆ ಎದ್ದವು. ಈ ಸಲ ಅವನು ದಿಬ್ಬವನ್ನು ಪಕ್ಕದಲ್ಲಿ ಬಿಡಲಿಲ್ಲ. ದಾರಿಯ ನಟ್ಟನಡುವೆ, ಅದು ನಿಜವಾಗಿ ಇದ್ದ ಜಾಗದಲ್ಲೇ ಬಿಟ್ಟ. ಎರಡು ಕಡೆಯಿಂದ ಹಳಿ ಹಾಕುತ್ತಾ ಬಂದು ಅದರ ಹತ್ತಿರ ನಿಂತೆವು.

"ಈಗ ಇದನ್ನು ತೆಗೆದು ಹಳಿ ಸೇರಿಸುವುದಾ?" ಎಂದು ಕೇಳಿದೆ. ಈ ಸಲ ಕೇಳಿದೆ.

"ಅಳತಿ ಆಗಿಲ್ಲಲ್ರಿ," ಅಂದ.

ಐದು ವರ್ಷವಾಯಿತು. ನನ್ನ ಕಪಾಟು ಖಾಲಿಯಾಗಿದೆ. ನಲವತ್ತಮೂರು ಎಂಜಿನ್ನುಗಳೂ ಅವನ ಏಳೂ ಈಗ ಸರದಿಯಂತೆ ಆ ಹಳಿಯ ಮೇಲೆ ಓಡುತ್ತವೆ. ನೋಡಲು ಕಾರ್ಕಳ, ಬೆಳ್ಮಣ್‌ನಿಂದಲೂ ಜನ ಬರುತ್ತಾರೆ. ಅರ್ಧ ದಾರಿಯಲ್ಲಿ ರೈಲು ನಿಂತರೆ ಕೆಲವರು ಮುಖ ಸಿಂಡರಿಸುತ್ತಾರೆ. ಇಷ್ಟು ದೂರದಿಂದ ಬಂದದ್ದು ಇದಕ್ಕಾ ಎಂದು ಒಬ್ಬರು ನನ್ನ ಎದುರೇ ಕೇಳಿದರು. ಕುಳಿತುಕೊಳ್ಳಿ ಎಂದು ಹೇಳಿ ಅವರಿಗೆ ದುರ್ಗೇಶನ ವಿಷಯ ಹೇಳಿದೆ. ಎಲ್ಲರಿಗೂ ಹೇಳುತ್ತೇನೆ, ಕೇಳದವರಿಗೂ.

ಭಾನುವಾರ ಬೆಳಗ್ಗೆ ಗುರಲಿಂಗಪ್ಪನವರು ಬರುತ್ತಾರೆ. ಹಳಿಗೆ ಕೆನ್ನೆಯಿಟ್ಟು ಆ ತುದಿಯಿಂದ ನೋಡಿ, ಈ ತುದಿಯಿಂದ ನೋಡಿ, ಎಲ್ಲಾದರೂ ಹಳಿ ತಗ್ಗಿ ಕುಳಿತಿದ್ದರೆ ಕಾಗದ ತೂರಿಸಿ ಸರಿಮಾಡುತ್ತಾರೆ. ನಾನು ಎಂಜಿನ್ನನ್ನು ದಿಬ್ಬದವರೆಗೆ ಓಡಿಸಿ ನಿಲ್ಲಿಸುತ್ತೇನೆ.